ಕಾಸರಗೋಡಿನ ಅಪ್ಪ ಅಮ್ಮನಿಗೆ ಅಮೆರಿಕದ ವಿಸಿಟರ್ ವೀಸಾ: ಫಾರ್ಮಿನಿಂದ ಏರ್‌ಪೋರ್ಟ್ ತನಕ

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ತೋಟದ ಮನೆಗಳಲ್ಲಿ ಮಗನೋ ಮಗಳೋ ಅಮೆರಿಕದಲ್ಲಿರುವುದು ಈಗ ಹೊಸ ಸುದ್ದಿ ಅಲ್ಲ. "ನೀವಿಬ್ಬರೂ ಒಮ್ಮೆ ಬಂದು ಹೋಗಿ" ಅಂತ ಫೋನ್ ಬರುತ್ತದೆ. ಅಲ್ಲಿಗೆ ಸಲಹೆಗಳ ಮಳೆ ಶುರು. ಬ್ಯಾಂಕಿನಲ್ಲಿ ದೊಡ್ಡ ಮೊತ್ತ ತೋರಿಸಬೇಕು ಅಂತ ಒಬ್ಬರು. ಮಗನ ಕೈಯಲ್ಲಿ ಅಫಿಡವಿಟ್ ಮಾಡಿಸಿ ಅಂತ ಇನ್ನೊಬ್ಬರು. ಮಂಗಳೂರಿನಲ್ಲಿ ಒಬ್ಬ ಏಜೆಂಟ್ ಇದ್ದಾನೆ, ಅವನ ಕೈಯಲ್ಲಿ ಎಲ್ಲ ಆಗುತ್ತದೆ ಅಂತ ಮತ್ತೊಬ್ಬರು.

ನಾನು ಹೇಳುವುದು ಇಷ್ಟೆ. ಈ ವೀಸಾದ ಮುಕ್ಕಾಲು ಪಾಲು ಕೆಲಸ ಒಂದು ಫಾರ್ಮಿನಲ್ಲಿದೆ. ಆ ಫಾರ್ಮಿನಲ್ಲಿ ಏನು ಬರೆದಿದೆ ಅನ್ನುವುದು ಹೋಗುವವರಿಗೆ ಚೆನ್ನಾಗಿ ಗೊತ್ತಿರಬೇಕು. ಕಾಗದದ ಕಟ್ಟು ಆಮೇಲಿನ ಮಾತು.

ಯಾವ ವೀಸಾ

ಬಿ1 ವ್ಯಾಪಾರದ ಕೆಲಸಕ್ಕೆ. ಬಿ2 ತಿರುಗಾಟ, ಮಕ್ಕಳು ನೆಂಟರ ಭೇಟಿ, ಚಿಕಿತ್ಸೆ ಇಂಥದ್ದಕ್ಕೆ. ನಮ್ಮವರಿಗೆ ಸಾಮಾನ್ಯವಾಗಿ ಎರಡನ್ನೂ ಸೇರಿಸಿ ಬಿ1/ಬಿ2 ಅಂತ ಒಂದೇ ವೀಸಾ ಕೊಡುತ್ತಾರೆ, ಹೆಚ್ಚಾಗಿ 10 ವರ್ಷಕ್ಕೆ. ಹತ್ತು ವರ್ಷ ಅಂದರೆ ಅಲ್ಲಿ ಹತ್ತು ವರ್ಷ ಇರಬಹುದು ಅಂತಲ್ಲ. ಆ ಅವಧಿಯಲ್ಲಿ ಹೋಗಿ ಬಂದು ಮಾಡಬಹುದು ಅಂತ ಮಾತ್ರ.

ಬಿ1ನಲ್ಲಿ ಮೀಟಿಂಗ್ ಮಾಡಬಹುದು, ಕರಾರು ಮಾತಾಡಬಹುದು, ವಸ್ತುಪ್ರದರ್ಶನದಲ್ಲಿ ಮಾಲು ತೋರಿಸಿ ಆರ್ಡರ್ ತೆಗೆದುಕೊಳ್ಳಬಹುದು. ಅಲ್ಲೇ ನಿಂತು ಮಾಲು ಮಾರಿ ದುಡ್ಡು ಎಣಿಸಲಿಕ್ಕೆ ಆಗುವುದಿಲ್ಲ. ಅಲ್ಲಿನ ಕಂಪನಿಯಿಂದ ಸಂಬಳ ತೆಗೆದುಕೊಳ್ಳಲಿಕ್ಕೂ ಇಲ್ಲ. ಹಾಳೆ ತಟ್ಟೆ ಮಾಡುವ ನಮ್ಮ ಹುಡುಗರು ಖರೀದಿದಾರರನ್ನು ನೋಡಲಿಕ್ಕೆ ಹೋಗುವುದಾದರೆ ಇದೇ ವೀಸಾ. ಆದರೆ ಅಡಿಕೆ ಹಾಳೆಯ ತಟ್ಟೆಯನ್ನು ಊಟಕ್ಕೆ ಬಳಸುವುದರ ವಿರುದ್ಧ ಅಮೆರಿಕದ ಆಹಾರ, ಔಷಧ ಇಲಾಖೆಯಾದ ಎಫ್‌ಡಿಎ 2025ರ ಮೇ ತಿಂಗಳಲ್ಲಿ ಆಮದು ಎಚ್ಚರಿಕೆ ಹೊರಡಿಸಿದೆ. "ನಿಮ್ಮ ವ್ಯಾಪಾರ ಏನು" ಅಂತ ಕೇಳಿದಾಗ ಈ ವಿಷಯವೇ ಗೊತ್ತಿಲ್ಲದವರಂತೆ ನಿಂತರೆ ಚೆನ್ನಾಗಿರುವುದಿಲ್ಲ.

ಇನ್ನೊಂದು ಮಾತು, ಇದು ಯಕ್ಷಗಾನ ಕವಿ ಪಾರ್ತಿಸುಬ್ಬನ ನಾಡು ಅಲ್ವಾ, ಹೇಳಲೇಬೇಕು. ಅಲ್ಲಿನ ಕನ್ನಡ ಸಂಘದಲ್ಲಿ ತಾಳಮದ್ದಳೆಗೆ ಹವ್ಯಾಸಿಯಾಗಿ, ಸಂಭಾವನೆ ಇಲ್ಲದೆ ಕೂರುವುದಾದರೆ ಬಿ2 ಸಾಕು. ಸಂಭಾವನೆ ಪಡೆಯುವ ವೃತ್ತಿ ಕಲಾವಿದರಿಗೆ ಪಿ ವರ್ಗದ ವೀಸಾ ಬೇಕು, ಅದನ್ನು ಕರೆಸುವವರೇ ಅಲ್ಲಿಂದ ಅರ್ಜಿ ಹಾಕಿ ಮಾಡಿಸಬೇಕು.

ಮೊದಲು ಪಾಸ್‌ಪೋರ್ಟ್

ನಮ್ಮ ಜಿಲ್ಲೆ ಕೋಝಿಕ್ಕೋಡ್ ಪಾಸ್‌ಪೋರ್ಟ್ ಕಚೇರಿಗೆ ಸೇರಿದ್ದು. ಕಾಸರಗೋಡಿನ ಪ್ರಧಾನ ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಕೇಂದ್ರ ಉಂಟು, ಅಲ್ಲಿ ಸಮಯ ಸಿಗದಿದ್ದರೆ ಪಯ್ಯನ್ನೂರು. ಹಳೆಯ ಪಾಸ್‌ಪೋರ್ಟ್ ಇದ್ದರೆ ಬಿಸಾಡಬೇಡಿ, ಎಲ್ಲವನ್ನೂ ಒಟ್ಟಿಗೆ ಇಟ್ಟುಕೊಳ್ಳಿ. ಅವಧಿ ಕಡಿಮೆ ಉಳಿದಿದ್ದರೆ ವೀಸಾಕ್ಕೆ ಮೊದಲೇ ನವೀಕರಿಸಿ.

ಪಾಸ್‌ಪೋರ್ಟಿನಲ್ಲಿ ಹೆಸರಿನ ಎರಡು ಸಾಲನ್ನು ನೋಡಿ. ನಮ್ಮಲ್ಲಿ ಗೊಂದಲ ಶುರುವಾಗುವುದು ಇಲ್ಲೇ. ಸರ್‌ನೇಮ್ ಅನ್ನುವ ಜಾಗ ಖಾಲಿ, ಗಿವನ್ ನೇಮ್ ಅನ್ನುವಲ್ಲಿ "ಸುಬ್ಬಣ್ಣ ಕೆ" ಅಂತ ಇರುತ್ತದೆ. ಮನೆತನದ ಹೆಸರು ಇನಿಶಿಯಲ್ ಆಗಿ ಹಿಂದೆ ಸೇರಿರುತ್ತದೆ. ಇಂಥವರು ವೀಸಾ ಫಾರ್ಮಿನಲ್ಲಿ ಆ ಪೂರ್ತಿ ಹೆಸರನ್ನು ಸರ್‌ನೇಮ್ ಜಾಗದಲ್ಲಿ ಬರೆಯಬೇಕು. ಗಿವನ್ ನೇಮ್ ಜಾಗದಲ್ಲಿ "ಎಫ್ಎನ್‌ಯು" ಅಂತ ಮೂರು ಅಕ್ಷರ ಹಾಕಬೇಕು. ಮೊದಲ ಹೆಸರು ತಿಳಿದಿಲ್ಲ ಅನ್ನುವುದಕ್ಕೆ ಅವರ ಸಂಕೇತ ಅದು. ವೀಸಾದಲ್ಲೂ ಹಾಗೇ ಅಚ್ಚಾಗಿ ಬರುತ್ತದೆ. ನೋಡಲಿಕ್ಕೆ ವಿಚಿತ್ರ, ಆದರೆ ಸರಿ. ಇನಿಶಿಯಲ್ಲನ್ನು ಬಿಡಿಸಿ ಮನೆತನದ ಹೆಸರು ಮಾಡುವುದು, "ಭಟ್" ಅಥವಾ "ರೈ" ಅಂತ ನಿಮ್ಮಷ್ಟಕ್ಕೇ ಸೇರಿಸುವುದು ಬೇಡ. ಪಾಸ್‌ಪೋರ್ಟಿನಲ್ಲಿ ಇದ್ದದ್ದು ಇದ್ದ ಹಾಗೆ.

ಊರ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗಿಗೂ ಇದೇ ಸೂತ್ರ. ಕುಂಬಳೆ, ಮಂಜೇಶ್ವರ, ಕಾಸರಗೋಡು ಮೂರಕ್ಕೂ ಆಧಾರಿನಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಇನ್ನೊಂದು ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಇರುವುದನ್ನೇ ಎಲ್ಲ ಕಡೆ ಬಳಸಿ.

ಡಿಎಸ್-160

ಇದೇ ಆ ಫಾರ್ಮ್. ಇಂಟರ್‌ನೆಟ್‌ನಲ್ಲೇ ತುಂಬಬೇಕು. ತುಂಬುವ ಜಾಲತಾಣದ ವಿಳಾಸ "ಸ್ಟೇಟ್ ಡಾಟ್ ಗವ್" ಅಂತಲೇ ಮುಗಿಯಬೇಕು. ಅದೇ ತರಹ ಕಾಣುವ, ಫಾರ್ಮ್ ತುಂಬಿಕೊಡುತ್ತೇವೆ ಅಂತ ದುಡ್ಡು ಕೇಳುವ ಸೈಟುಗಳು ಬೇಕಾದಷ್ಟಿವೆ. ಫಾರ್ಮಿಗೆ ಪ್ರತ್ಯೇಕ ದುಡ್ಡಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಫಾರ್ಮ್. ಗಂಡ ಹೆಂಡತಿಗೆ ಸೇರಿಸಿ ಒಂದು ಅಂತ ಇಲ್ಲ.

ಶುರು ಮಾಡುವಾಗ ಒಂದು ಅಪ್ಲಿಕೇಶನ್ ಐಡಿ ಕೊಡುತ್ತದೆ, ಒಂದು ಗುಟ್ಟಿನ ಪ್ರಶ್ನೆ ಕೇಳುತ್ತದೆ. ಎರಡನ್ನೂ ಪುಸ್ತಕದಲ್ಲಿ ಬರೆದಿಡಿ. ಸ್ವಲ್ಪ ಹೊತ್ತು ಸುಮ್ನೆ ಬಿಟ್ಟರೆ ಪುಟ ಮುಚ್ಚಿಕೊಳ್ಳುತ್ತದೆ, ಹಾಗಾಗಿ ಪ್ರತಿ ಪುಟಕ್ಕೂ ಸೇವ್ ಒತ್ತಿ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಬೇಕಾಗಿಲ್ಲವಲ್ಲ.

ಸಾಮಾನ್ಯವಾಗಿ ಮಗ ಅಲ್ಲಿಂದಲೇ ರಾತ್ರಿ ಕೂತು ತುಂಬಿ ಕಳಿಸಿಬಿಡುತ್ತಾನೆ. ಅಪ್ಪನಿಗೆ ಬರುವುದು ಕೊನೆಯ ಪುಟದ ಪ್ರಿಂಟ್ ಮಾತ್ರ. ನನಗೆ ಸರಿ ಕಾಣದ್ದು ಇದೇ. ಇಂಟರ್‌ವ್ಯೂನಲ್ಲಿ ಆಫೀಸರ ಕಂಪ್ಯೂಟರಿನಲ್ಲಿ ಇರುವುದು ಈ ಫಾರ್ಮ್. ಅದರಲ್ಲಿ ಎರಡು ತಿಂಗಳು ಅಂತ ಬರೆದಿದ್ದು ಅಪ್ಪ ಬಾಯಲ್ಲಿ ಆರು ತಿಂಗಳು ಅಂದರೆ ಮುಗಿಯಿತು. ಹಾಗಾಗಿ ಕಳಿಸುವ ಮೊದಲು ಪೂರ್ತಿ ಫಾರ್ಮ್ ಪ್ರಿಂಟ್ ತೆಗೆಯಿರಿ. ಅಪ್ಪ ಅಮ್ಮನನ್ನು ಜಗಲಿಯಲ್ಲಿ ಕೂರಿಸಿ ಒಂದೊಂದು ಪ್ರಶ್ನೆಯನ್ನೂ ಕನ್ನಡದಲ್ಲಿ ಓದಿ ಹೇಳಿ. ತಪ್ಪಿದ್ದರೆ ಅವರೇ ಹಿಡಿಯುತ್ತಾರೆ. ತುಂಬಲಿಕ್ಕೆ ಬೇರೆಯವರು ಸಹಾಯ ಮಾಡಿದರಾ ಅಂತ ಫಾರ್ಮೇ ಕೇಳುತ್ತದೆ, ಹೌದು ಅಂತ ಬರೆಯುವುದರಲ್ಲಿ ಏನೂ ತೊಂದರೆ ಇಲ್ಲ. ಆದರೆ ಕೊನೆಯಲ್ಲಿ ಸಹಿ ಅಂತ ಒತ್ತುವ ಗುಂಡಿಯನ್ನು ಅರ್ಜಿದಾರರೇ ಒತ್ತಬೇಕು.

ಎಡವುವ ಜಾಗಗಳು ಕೆಲವು ಇವೆ.

ಕೆಲಸ ಏನು ಅನ್ನುವಲ್ಲಿ ಕೃಷಿ ಅಂತ ಆಯ್ಕೆ ಇದೆ. ತೋಟ ಇರುವವರು ಅದನ್ನೇ ಹಾಕಿ. ನಿವೃತ್ತ ಮೇಷ್ಟ್ರು, ಈಗ ತೋಟವನ್ನೂ ನೋಡಿಕೊಳ್ಳುತ್ತಾರೆ ಅಂತಾದರೆ ಎರಡನ್ನೂ ವಿವರಣೆಯಲ್ಲಿ ಬರೆಯಿರಿ. ತಿಂಗಳ ಆದಾಯ ಕೇಳುತ್ತದೆ. ಅಡಿಕೆಯವರಿಗೆ ತಿಂಗಳ ಸಂಬಳ ಎಲ್ಲಿಂದ? ಖರ್ಚು ಕಳೆದ ವರ್ಷದ ಆದಾಯವನ್ನು 12ರಿಂದ ಭಾಗಿಸಿ ಹಾಕಿದರೆ ಆಯಿತು. ಅಡಿಕೆಗೆ ರೇಟು ಏರಿದ ವರ್ಷದ ಲೆಕ್ಕ ಹಿಡಿದು ಉಬ್ಬಿಸಬೇಡಿ.

ಕಳೆದ ಐದು ವರ್ಷದಲ್ಲಿ ಹೋದ ದೇಶಗಳ ಪಟ್ಟಿ ಬೇಕು. ದುಬೈಯಲ್ಲಿರುವ ತಮ್ಮನ ಮನೆಗೆ ಹೋಗಿ ಬಂದದ್ದನ್ನು ನಮ್ಮವರು ವಿದೇಶ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಬರೆಯಿರಿ. ಹೋಗಿ, ಹೇಳಿದ ಸಮಯಕ್ಕೆ ವಾಪಸ್ ಬಂದದ್ದು ನಿಮ್ಮ ಪರವಾಗಿಯೇ ಇರುವ ಸಂಗತಿ.

ಅಮೆರಿಕದಲ್ಲಿ ಹತ್ತಿರದ ಸಂಬಂಧಿಕರು ಯಾರಿದ್ದಾರೆ, ಅವರದ್ದು ಯಾವ ವೀಸಾ ಅಂತ ಕೇಳುತ್ತದೆ. ಮಕ್ಕಳು ಗ್ರೀನ್ ಕಾರ್ಡ್ ಅಥವಾ ಅಲ್ಲಿನ ಪೌರತ್ವ ಪಡೆದಿದ್ದರೆ ಅದನ್ನೇ ಹೇಳಿ. ಮುಚ್ಚಿಟ್ಟರೆ ಅವರಿಗೆ ಕಾಣುವುದಿಲ್ಲ ಅಂದುಕೊಳ್ಳಬೇಡಿ. ನಿಮ್ಮ ಹೆಸರಿನಲ್ಲಿ ಯಾರಾದರೂ ಕಾಯಂ ವಲಸೆಯ ಅರ್ಜಿ ಹಾಕಿದ್ದಾರಾ, ಹಿಂದೆ ವೀಸಾ ತಿರಸ್ಕೃತವಾಗಿದೆಯಾ ಅಂತಲೂ ಕೇಳುತ್ತದೆ. ಇಲ್ಲಿ ಸುಳ್ಳು ಹೇಳಿ ಸಿಕ್ಕಿಬಿದ್ದರೆ ಮತ್ತೆಂದೂ ವೀಸಾ ಸಿಗದ ಹಾಗೆ ಆಗಬಹುದು.

ಕಳೆದ ಐದು ವರ್ಷದಲ್ಲಿ ಬಳಸಿದ ಸೋಶಿಯಲ್ ಮೀಡಿಯಾ ಖಾತೆಗಳನ್ನೂ ಕೊಡಬೇಕು. ಅಮ್ಮನಿಗೆ ಮೊಮ್ಮಗ ಮಾಡಿಕೊಟ್ಟ ಫೇಸ್‌ಬುಕ್ ಖಾತೆ ಇದ್ದರೆ ಅದೂ ಸೇರಿತು. ಕುಲ, ಬುಡಕಟ್ಟು ಇದೆಯಾ ಅನ್ನುವ ಒಂದು ಪ್ರಶ್ನೆ ಬರುತ್ತದೆ. ಕೇಳುವುದು ಜಾತಿ ಗೋತ್ರ ಅಲ್ಲ.

ಫೋಟೋ ಎರಡು ಇಂಚು ಚೌಕ, ಹಿಂದೆ ಬಿಳಿ, ಆರು ತಿಂಗಳ ಒಳಗಿನದ್ದು. 2016ರ ನವೆಂಬರಿನಿಂದ ಕನ್ನಡಕ ಹಾಕಿದ ಫೋಟೋ ನಡೆಯುವುದಿಲ್ಲ. ಸ್ಟುಡಿಯೋದವರಿಗೆ ಅಮೆರಿಕದ ವೀಸಾಕ್ಕೆ ಅಂತ ಹೇಳಿ, ಫೈಲು 240 ಕೆಬಿ ದಾಟಬಾರದು ಅಂತಲೂ ಹೇಳಿ. ಮುಖ ಬೆಳ್ಳಗೆ ಮಾಡಿಕೊಡುವ ಅವರ ಉತ್ಸಾಹಕ್ಕೆ ತಡೆ ಹಾಕಿ.

ಎಲ್ಲ ಆದ ಮೇಲೆ ಬಾರ್‌ಕೋಡ್ ಇರುವ ಒಂದು ಪುಟ ಬರುತ್ತದೆ. ಅದು ಮುಖ್ಯ. ಮುಂದೆ ಎಲ್ಲ ಕಡೆ ಕೇಳುವುದು ಅದರ ನಂಬರನ್ನೇ. ಆಮೇಲೆ ತಪ್ಪು ಕಂಡು ಹೊಸ ಫಾರ್ಮ್ ತುಂಬಿದರೆ ಹೊಸ ನಂಬರ್ ಬರುತ್ತದೆ, ಅಪಾಯಿಂಟ್‌ಮೆಂಟಿನಲ್ಲೂ ಅದನ್ನು ಬದಲಿಸಬೇಕು. ಕೈಯಲ್ಲಿರುವ ಪುಟದ ನಂಬರೂ ಅಪಾಯಿಂಟ್‌ಮೆಂಟಿನ ನಂಬರೂ ಒಂದೇ ಇರಲಿ.

ಫೀ ಮತ್ತು ದಿನ ಗೊತ್ತು ಮಾಡುವುದು

2023ರ ಜೂನಿನಿಂದ ಅರ್ಜಿ ಶುಲ್ಕ ತಲಾ 185 ಡಾಲರ್. ಕಟ್ಟುವುದು ರೂಪಾಯಿಯಲ್ಲಿ. ವೀಸಾ ಸಿಗದಿದ್ದರೂ ವಾಪಸ್ ಬರುವುದಿಲ್ಲ. ಕಟ್ಟುವ ದಿನ ಅಧಿಕೃತ ಸೈಟಿನಲ್ಲಿ ಆವತ್ತಿನ ದರ ನೋಡಿಕೊಂಡೇ ಕಟ್ಟಿ.

ದಿನ ಗೊತ್ತು ಮಾಡಲಿಕ್ಕೆ ಬೇರೆ ಸೈಟ್, ಯುಎಸ್ ವೀಸಾ ಶೆಡ್ಯೂಲಿಂಗ್ ಡಾಟ್ ಕಾಮ್. ಅಲ್ಲಿ ಒಂದು ಖಾತೆ ತೆರೆದು ಗಂಡ ಹೆಂಡತಿ ಇಬ್ಬರನ್ನೂ ಒಂದೇ ಗುಂಪಿನಲ್ಲಿ ಸೇರಿಸಿ. ಬೇರೆ ಬೇರೆ ಮಾಡಿದರೆ ಅಪ್ಪನಿಗೆ ಒಂದು ದಿನ, ಅಮ್ಮನಿಗೆ ಇನ್ನೊಂದು ದಿನ ಬಂದು ಫಜೀತಿ. ಇಮೇಲ್ ಖಾತೆ ಊರಲ್ಲಿ ಯಾರಾದರೂ ತೆರೆದು ನೋಡಬಲ್ಲಂಥದ್ದು ಇರಲಿ. ಅಮೆರಿಕದಲ್ಲಿ ಮಗ ಮಲಗಿರುವಾಗ ಇಲ್ಲಿ ಒಟಿಪಿ ಬಂದರೆ ಏನು ಮಾಡುತ್ತೀರಿ?

ಎರಡು ಅಪಾಯಿಂಟ್‌ಮೆಂಟ್ ಬೇಕು. ಮೊದಲನೆಯದು ಬೆರಳಚ್ಚು ಮತ್ತು ಫೋಟೋಕ್ಕೆ, ವೀಸಾ ಅರ್ಜಿ ಕೇಂದ್ರದಲ್ಲಿ. ಎರಡನೆಯದು ಇಂಟರ್‌ವ್ಯೂ, ಕಾನ್ಸುಲೇಟಿನಲ್ಲಿ, ಅಂದರೆ ಅಮೆರಿಕದ ದೂತಾವಾಸ ಕಚೇರಿಯಲ್ಲಿ. ದೆಹಲಿ, ಮುಂಬೈ, ಚೆನ್ನೈ, ಹೈದರಾಬಾದ್, ಕೋಲ್ಕತ್ತಾ ಈ ಐದು ಕಡೆ ಇಂಟರ್‌ವ್ಯೂ ನಡೆಯುತ್ತದೆ. ಕೇರಳಕ್ಕೂ ಕರ್ನಾಟಕಕ್ಕೂ ಲೆಕ್ಕದಲ್ಲಿ ಚೆನ್ನೈ. ಆದರೆ ಎಲ್ಲಿ ಬೇಗ ದಿನ ಸಿಗುತ್ತದೋ ಅಲ್ಲಿಗೆ ಹೋಗಬಹುದು, ತಡೆ ಇಲ್ಲ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಕಾನ್ಸುಲೇಟ್ ಉದ್ಘಾಟನೆ ಆಯಿತು, ಆದರೆ ವೀಸಾ ಕೆಲಸ ಅದರ ಜೊತೆಗೇ ಶುರುವಾಗಲಿಲ್ಲ. ಬೇರೆ ದೇಶಕ್ಕೆ ಹೋಗಿ ಬೇಗ ಇಂಟರ್‌ವ್ಯೂ ಮುಗಿಸುವ ಉಪಾಯಕ್ಕೆ 2025ರ ಸೆಪ್ಟೆಂಬರಿನಿಂದ ಬಾಗಿಲು ಮುಚ್ಚಿದೆ. ಸ್ವಂತ ದೇಶದಲ್ಲಿ ಅಥವಾ ವಾಸವಿರುವ ದೇಶದಲ್ಲೇ ಅರ್ಜಿ ಹಾಕಬೇಕು. ಗಲ್ಫಿನಲ್ಲಿ ವಾಸದ ಪರವಾನಗಿ ಇರುವವರಿಗೆ ಅಲ್ಲೇ ಹಾಕುವ ದಾರಿ ಇದೆ.

ಅದೇ ಹೊತ್ತಿಗೆ ಇನ್ನೊಂದು ನಿಯಮವೂ ಬದಲಾಯಿತು. ಮೊದಲು 80 ತುಂಬಿದ ಹಿರಿಯರಿಗೆ ಇಂಟರ್‌ವ್ಯೂ ವಿನಾಯಿತಿ ಇತ್ತು, ಈಗ ಅವರೂ ಬರಬೇಕು. ಅಜ್ಜನನ್ನು ಕರೆದುಕೊಂಡು ಹೋಗುವವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಪ್ರಯಾಣ ಗೊತ್ತು ಮಾಡಿ.

ದಿನ ಸಿಗಲಿಕ್ಕೆ ಕೆಲವು ತಿಂಗಳೇ ಹಿಡಿಯಬಹುದು. ಸಿಕ್ಕಿದ್ದನ್ನು ಹಿಡಿದುಕೊಳ್ಳಿ. 2025ರ ಜನವರಿಯಿಂದ ದಿನ ಬದಲಿಸಲಿಕ್ಕೆ ಒಂದೇ ಅವಕಾಶ. ಎರಡನೆಯ ಸಲ ಬದಲಿಸಿದರೆ ಅಥವಾ ಹೋಗದೆ ಉಳಿದರೆ ಮತ್ತೆ ಪೂರ್ತಿ ಫೀ. ಮನೆಯಲ್ಲಿ ಮದುವೆ, ಭೂತದ ಕೋಲ, ಊರ ಜಾತ್ರೆ ಯಾವಾಗ ಅಂತ ನೋಡಿಕೊಂಡೇ ಆರಿಸಿ. ಮತ್ತು ವೀಸಾ ಕೈಗೆ ಬರುವ ತನಕ ವಿಮಾನದ ಟಿಕೆಟ್ ತೆಗೆಯಬೇಡಿ, ಎಷ್ಟೇ ಅಗ್ಗಕ್ಕೆ ಸಿಕ್ಕಿದರೂ.

ಕಾಗದದ ಕಟ್ಟು

ಕಡ್ಡಾಯ ಬೇಕಾದದ್ದು ನಾಲ್ಕೇ. ಪಾಸ್‌ಪೋರ್ಟ್ (ಹಳೆಯದೂ ಸೇರಿ), ಬಾರ್‌ಕೋಡಿನ ಪುಟ, ಅಪಾಯಿಂಟ್‌ಮೆಂಟ್ ಪತ್ರ, ಫೋಟೋ. ಉಳಿದದ್ದನ್ನು ಕೇಳಿದರೆ ಕೊಡಬೇಕು, ಕೇಳದೆ ಚಾಚಬೇಡಿ.

ಮಗ ಬರೆದುಕೊಡುವ ಆಹ್ವಾನ ಪತ್ರ, ಐ-134 ಅನ್ನುವ ಅಫಿಡವಿಟ್ ಎರಡೂ ಈ ವೀಸಾಕ್ಕೆ ಬೇಕಿಲ್ಲ ಅಂತ ಅಮೆರಿಕದ ವಿದೇಶಾಂಗ ಇಲಾಖೆಯೇ ಹೇಳುತ್ತದೆ. ಇದಕ್ಕಾಗಿ ದುಡ್ಡು ಕೊಡುವವರನ್ನು ಕಂಡರೆ ಬೇಸರ. ವೀಸಾ ಆಫೀಸರು ನೋಡುವುದು ನೀವು ವಾಪಸ್ ಬರುತ್ತೀರಾ ಅಂತ. ಅವರ ವಲಸೆ ಕಾನೂನಿನ 214(ಬಿ) ಸೆಕ್ಷನ್ ಪ್ರಕಾರ, ಅರ್ಜಿ ಹಾಕಿದವರು ಅಲ್ಲೇ ಉಳಿಯಲು ಬಂದವರು ಅಂತ ಆಫೀಸರ್ ಮೊದಲು ಅಂದುಕೊಳ್ಳಬೇಕು. ಹಾಗಲ್ಲ ಅಂತ ತೋರಿಸುವುದು ನಿಮ್ಮ ಪಾಲಿನ ಕೆಲಸ. ಮಗ ಎಷ್ಟು ದುಡಿಯುತ್ತಾನೆ ಅನ್ನುವುದು ಇದಕ್ಕೆ ಉತ್ತರ ಆಗುವುದಿಲ್ಲ. ನಿಮ್ಮ ತೋಟ, ಮನೆ, ಊರಲ್ಲಿರುವ ಇನ್ನೊಬ್ಬ ಮಗ, ಪೆನ್ಶನ್ ಇವು ಉತ್ತರ.

ಹಾಗಾಗಿ ಜಾಗದ ತೀರ್ವೆ ಕಟ್ಟಿದ ರಶೀದಿ, ವಿಲೇಜ್ ಆಫೀಸಿನ ಪೊಸೆಷನ್ ಸರ್ಟಿಫಿಕೇಟ್ ಇಟ್ಟುಕೊಳ್ಳಿ. ಆ ಸರ್ಟಿಫಿಕೇಟಿಗೆ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಬಹುದು. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲದ ಕಾರಣ ನಮ್ಮಲ್ಲಿ ತುಂಬಾ ಜನ ರಿಟರ್ನ್ ಸಲ್ಲಿಸಿಯೇ ಇರುವುದಿಲ್ಲ. ಗಾಬರಿ ಬೇಡ. ಕ್ಯಾಂಪ್ಕೋಗೋ ಸೊಸೈಟಿಗೋ ಅಡಿಕೆ ಕೊಟ್ಟ ಬಿಲ್ಲುಗಳು, ಆ ದುಡ್ಡು ಜಮೆ ಆದ ಬ್ಯಾಂಕ್ ಪಾಸ್‌ಪುಸ್ತಕ ಸಾಕು. ಸರ್ವಿಸ್ ಸಹಕಾರಿ ಬ್ಯಾಂಕಿನದ್ದೂ ಆದೀತು. ಗಡಿಯ ಆಚೆ ವಿಟ್ಲದಲ್ಲೋ ಪುತ್ತೂರಿನಲ್ಲೋ ಜಾಗ ಇದ್ದರೆ ಅದರ ಆರ್‌ಟಿಸಿಯೂ ಇರಲಿ. ಇಂಟರ್‌ವ್ಯೂಗೆ ಹದಿನೈದು ದಿನ ಇರುವಾಗ ಮೈದುನನ ಹತ್ತಿರ ಸಾಲ ಮಾಡಿ ಖಾತೆ ತುಂಬಿಸುವ ಕೆಲಸ ಮಾತ್ರ ಬೇಡ. ಅದು ನೋಡಿದ ಕೂಡಲೇ ಗೊತ್ತಾಗುತ್ತದೆ.

ಚೆನ್ನೈಗೆ

ಮಂಗಳೂರಿನಿಂದ ಬರುವ ಚೆನ್ನೈ ಮೇಲ್ ಮಧ್ಯಾಹ್ನ ಕಾಸರಗೋಡಿನಲ್ಲಿ ಹತ್ತಿದರೆ ಬೆಳಗಿನ ಹೊತ್ತಿಗೆ ಚೆನ್ನೈ ಸೆಂಟ್ರಲ್. ಅದೇ ದಿನ ಬೆರಳಚ್ಚಿಗೆ ಸಮಯ ಇಟ್ಟುಕೊಂಡರೆ ರೈಲು ತಡವಾದಾಗ ಎದೆ ಬಡಿತ. ಒಂದು ದಿನ ಮೊದಲೇ ಹೋಗಿ ಉಳಿಯುವುದು ಒಳ್ಳೆಯದು. ಅಡಿಕೆ ಸುಲಿದು, ತೆಂಗಿನಕಾಯಿ ಸುಲಿದು ಬೆರಳ ತುದಿ ಸವೆದವರಿಗೆ ಬೆರಳಚ್ಚು ಸರಿಯಾಗಿ ಬೀಳದೆ ಮತ್ತೆ ಮತ್ತೆ ಒತ್ತಿಸಬಹುದು. ಹೋಗುವ ವಾರ ಆ ಕೆಲಸ ಬಿಟ್ಟು, ರಾತ್ರಿ ಸ್ವಲ್ಪ ತೆಂಗಿನೆಣ್ಣೆ ಹಚ್ಚಿಕೊಳ್ಳಿ.

ಕಾನ್ಸುಲೇಟ್ ಇರುವುದು ಅಣ್ಣಾ ಸಾಲೈಯಲ್ಲಿ, ಜೆಮಿನಿ ಫ್ಲೈಓವರ್ ಹತ್ತಿರ. ಮೊಬೈಲ್, ಸ್ಮಾರ್ಟ್ ವಾಚ್, ಚೀಲ ಒಳಗೆ ಬಿಡುವುದಿಲ್ಲ, ಇಡಲಿಕ್ಕೆ ಅವರು ಜಾಗವನ್ನೂ ಕೊಡುವುದಿಲ್ಲ. ರೂಮಿನಲ್ಲೇ ಬಿಟ್ಟು ಬನ್ನಿ. ಮಗನ ವಿಳಾಸ, ಫೋನ್ ನಂಬರ್ ಚೀಟಿಯಲ್ಲಿ ಬರೆದುಕೊಳ್ಳಿ, ಏಕೆಂದರೆ ಅದೆಲ್ಲ ಮೊಬೈಲಿನಲ್ಲೇ ಉಂಟು ಅಂತ ನೆನಪಾಗುವುದು ಒಳಗೆ ಹೋದ ಮೇಲೆ.

ಇಂಟರ್‌ವ್ಯೂ

ನಿಂತುಕೊಂಡೇ, ಗಾಜಿನ ಕಿಟಕಿಯ ಮುಂದೆ, ಹೆಚ್ಚಾಗಿ ಕೆಲವೇ ನಿಮಿಷ. ಇಂಗ್ಲಿಷ್ ಬರಲೇಬೇಕು ಅಂತಿಲ್ಲ, ಭಾಷಾಂತರ ಮಾಡುವವರು ಇರುತ್ತಾರೆ. ನಮ್ಮವರಿಗೆ ಒಂದು ವಿಶೇಷ ತೊಡಕು ಉಂಟು. ವಿಳಾಸದಲ್ಲಿ ಕೇರಳ ಅಂತ ನೋಡಿ ಮಲಯಾಳದಲ್ಲಿ ಮಾತು ಶುರುವಾಗಬಹುದು. ಪೇಟೆಯಲ್ಲಿ ಮೀನು ತರಕಾರಿ ಕೊಳ್ಳುವಷ್ಟು ಮಲಯಾಳ ನಮಗೆಲ್ಲ ಬರುತ್ತದೆ, ಆ ಧೈರ್ಯದಲ್ಲಿ ಮುಂದುವರಿದು ಅರ್ಧದಲ್ಲಿ ತಡವರಿಸುವುದು ಬೇಡ. "ಕನ್ನಡ" ಅಂತ ಮೊದಲೇ ಹೇಳಿ. ಅಪಾಯಿಂಟ್‌ಮೆಂಟ್ ಮಾಡುವಾಗ ಭಾಷೆ ಕೇಳಿದರೆ ಅಲ್ಲೂ ಅದನ್ನೇ ಆರಿಸಿ.

ಪ್ರಶ್ನೆಗಳು ಸರಳ. ಉತ್ತರ ಹೀಗಿರಲಿ:

"ಯಾಕೆ ಹೋಗುತ್ತಿದ್ದೀರಿ?"
"ಮಗಳ ಮನೆಗೆ. ಡಲ್ಲಾಸ್‌ನಲ್ಲಿದ್ದಾಳೆ."
"ಎಷ್ಟು ದಿನ?"
"ಎರಡು ತಿಂಗಳು. ಆಗಸ್ಟ್ ಕೊನೆಗೆ ಹೋಗಿ ಅಕ್ಟೋಬರ್ ಕೊನೆಗೆ ವಾಪಸ್."
"ಯಾಕೆ ಅಷ್ಟೇ?"
"ಆಮೇಲೆ ಅಡಿಕೆ ಕೊಯ್ಲು. ನಾನೇ ನೋಡಿಕೊಳ್ಳಬೇಕು."

ಈ ಕೊನೆಯ ಉತ್ತರದ ಬೆಲೆ ಜಾಸ್ತಿ. ಮಳೆಗಾಲದಲ್ಲಿ ಅಡಿಕೆಗೆ ಎರಡು ಸಲ ಮದ್ದು ಸಿಂಪಡಿಸಿ ಮುಗಿಸಿ ಹೋಗುವುದು, ಕೊಯ್ಲಿಗೆ ಮೊದಲು ಬರುವುದು ಅಂತ ತೋಟದ ಕೆಲಸದ ಪ್ರಕಾರ ದಿನ ಗೊತ್ತು ಮಾಡಿದ್ದರೆ, ಯಾರು ಹೇಗೆ ತಿರುಗಿಸಿ ಕೇಳಿದರೂ ಅದೇ ಉತ್ತರ ಬರುತ್ತದೆ. ಬಾಯಿಪಾಠ ಬೇಕಾಗುವುದಿಲ್ಲ. ನಿಮಗೆ ಇಂಥ ಕಾರಣ ಇಲ್ಲದಿದ್ದರೆ ಹುಟ್ಟಿಸಬೇಡಿ. ನಿಮ್ಮದೇ ನಿಜವಾದ ಕಾರಣ ಇರುತ್ತದೆ, ಅದನ್ನು ಹೇಳಿ.

ಮಗಳ ಬಾಣಂತನಕ್ಕೆ ಹೋಗುವ ಅಮ್ಮಂದಿರು ಅದನ್ನೇ ಹೇಳಬಹುದು, ಮುಚ್ಚಿಡುವಂಥದ್ದಲ್ಲ. ಆದರೆ "ಮಗು ನೋಡಿಕೊಳ್ಳಲಿಕ್ಕೆ, ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ಆರು ತಿಂಗಳು ಇರುತ್ತೇನೆ" ಅಂದರೆ ಕೂಲಿಯಿಲ್ಲದ ಕೆಲಸದವಳನ್ನು ಕರೆಸುತ್ತಿದ್ದಾರೆ ಅನ್ನಿಸುವುದು ಸಹಜ. ಮಕ್ಕಳೂ ಇದನ್ನು ಸ್ವಲ್ಪ ಯೋಚಿಸಿದರೆ ಒಳ್ಳೆಯದು.

ಗಂಡನೇ ಎಲ್ಲದಕ್ಕೂ ಉತ್ತರ ಕೊಡುವುದು ನಮ್ಮಲ್ಲಿ ವಾಡಿಕೆ. ಅಮ್ಮನನ್ನೂ ಕೇಳುತ್ತಾರೆ. ಮಗ ಯಾವ ಊರಲ್ಲಿದ್ದಾನೆ, ಏನು ಕೆಲಸ, ಹೋಗಿ ಎಷ್ಟು ವರ್ಷ ಆಯಿತು ಅನ್ನುವುದು ಇಬ್ಬರಿಗೂ ಗೊತ್ತಿರಲಿ.

ಆಮೇಲೆ

ಪಾಸ್‌ಪೋರ್ಟ್ ಅವರೇ ಇಟ್ಟುಕೊಂಡು ಆಯಿತು ಅಂದರೆ ವೀಸಾ ಸಿಕ್ಕಿತು. ಅಪಾಯಿಂಟ್‌ಮೆಂಟ್ ಮಾಡುವಾಗ ನೀವು ಆರಿಸಿದ ಕಡೆಗೆ ಬರುತ್ತದೆ. ಬಂದ ಕೂಡಲೇ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರ್ ತಾಳೆ ನೋಡಿ.

221(ಜಿ) ಅಂತ ಚೀಟಿ ಕೊಟ್ಟರೆ ಇನ್ನೂ ಕಾಗದ ಬೇಕು ಅಥವಾ ಪರಿಶೀಲನೆ ಬಾಕಿ ಇದೆ ಅಂತ. ಚೀಟಿಯಲ್ಲಿ ಹೇಳಿದ್ದನ್ನು ಮಾಡಿ ಕಾಯಬೇಕು. 214(ಬಿ) ಅಂತ ಪಾಸ್‌ಪೋರ್ಟ್ ವಾಪಸ್ ಕೊಟ್ಟರೆ ಇಲ್ಲ ಅಂತ ಅರ್ಥ. ಅದಕ್ಕೆ ಮೇಲ್ಮನವಿ ಇಲ್ಲ. ಮತ್ತೆ ಯಾವಾಗ ಬೇಕಾದರೂ ಹೊಸ ಫಾರ್ಮ್, ಹೊಸ ಫೀ ಕಟ್ಟಿ ಹಾಕಬಹುದು. ಆದರೆ ಏನೂ ಬದಲಾಗದೆ ಮುಂದಿನ ತಿಂಗಳೇ ಮತ್ತೆ ಹೋಗಿ ನಿಲ್ಲುವುದರಲ್ಲಿ ಅರ್ಥ ಇಲ್ಲ. ಮೊದಲ ಫಾರ್ಮಿನ ಪ್ರಿಂಟ್ ತೆಗೆದು, ಕೇಳಿದ ಪ್ರಶ್ನೆ ಕೊಟ್ಟ ಉತ್ತರ ನೆನಪಿರುವಾಗಲೇ ಬರೆದಿಟ್ಟು, ಎಲ್ಲಿ ಕಥೆ ಹರಿಯಿತು ಅಂತ ನೋಡಿ.

ಹೊರಡುವ ಮೊದಲು ಪ್ರಯಾಣ ವಿಮೆ ಮಾಡಿಸಿ. ಕಾನೂನಿನಲ್ಲಿ ಕಡ್ಡಾಯ ಅಲ್ಲ, ಆದರೆ ಅಲ್ಲಿನ ಆಸ್ಪತ್ರೆ ಬಿಲ್ ನೋಡಿದರೆ ತೋಟ ಅಡವಿಡಬೇಕಾದೀತು. ಬಿಪಿ, ಶುಗರ್ ಮಾತ್ರೆಗಳನ್ನು ಡಾಕ್ಟರ ಚೀಟಿಯ ಸಮೇತ ಕೈಚೀಲದಲ್ಲೇ ಇಡಿ. ಹಸಿ ವೀಳ್ಯದೆಲೆ, ಮಾವಿನಹಣ್ಣು, ಕೆಸುವಿನ ಗೆಡ್ಡೆ ಕಟ್ಟಿಕೊಂಡು ಹೋಗಬೇಡಿ. ತಿನ್ನುವ ವಸ್ತು ಏನೇ ಇದ್ದರೂ ಕಸ್ಟಮ್ಸ್‌ನಲ್ಲಿ ಇದೆ ಅಂತ ಹೇಳಬೇಕು. ಹೇಳದೆ ಸಿಕ್ಕಿದರೆ ದಂಡ.

ಅಲ್ಲಿ ಇಳಿದಾಗ ಮತ್ತೊಬ್ಬ ಆಫೀಸರ್ ಇದೇ ಪ್ರಶ್ನೆಗಳನ್ನು ಕೇಳುತ್ತಾರೆ. ಎಷ್ಟು ದಿನ ಇರಬಹುದು ಅಂತ ತೀರ್ಮಾನಿಸುವುದು ಅವರೇ, ಹೆಚ್ಚಾಗಿ ಆರು ತಿಂಗಳ ತನಕ ಕೊಡುತ್ತಾರೆ. ಆ ದಿನಾಂಕ ಐ-94 ಅನ್ನುವ ದಾಖಲೆಯಲ್ಲಿರುತ್ತದೆ, ಇಂಟರ್‌ನೆಟ್‌ನಲ್ಲಿ ನೋಡಬಹುದು. ಮನೆ ತಲುಪಿದ ಮರುದಿನವೇ ಮಗನ ಕೈಯಲ್ಲಿ ತೆಗೆಸಿ ಪ್ರಿಂಟ್ ಇಟ್ಟುಕೊಳ್ಳಿ. ವೀಸಾದ ಮೇಲಿರುವ ದಿನಾಂಕವನ್ನಲ್ಲ, ಈ ದಿನಾಂಕವನ್ನು ಪಾಲಿಸಬೇಕು. ದಾಟಿ ಉಳಿದರೆ ಹತ್ತು ವರ್ಷದ ವೀಸಾ ಆವತ್ತಿಗೇ ರದ್ದು. ಕಾಯಿಲೆಯೋ ಹೆರಿಗೆ ತಡವಾದದ್ದೋ, ನಿಜವಾಗಿ ಉಳಿಯಲೇಬೇಕಾದರೆ ಆ ದಿನಕ್ಕೆ ಮೊದಲೇ ಐ-539 ಅನ್ನುವ ಅರ್ಜಿ ಹಾಕಬೇಕು. ಅದಕ್ಕೆ ಬೇರೆ ಫೀ.